ಸೋಫಾದ ಎಣ್ಣೆ ಕಲೆ ತೆಗೆಸುವ ಮುಂಚೆ ಬಾಟಲಿಯಲ್ಲಿ ಏನಿದೆ ಅಂತ ಕೇಳಿ

ಸೋಫಾ ಕ್ಲೀನ್ ಮಾಡಿಸಲು ಮನೆಗೆ ಜನ ಕರೆಸುತ್ತಿದ್ದೀರಾ? ಅವರು ತಂದ ಬಾಟಲಿಯ ಮೇಲೆ ಲೇಬಲ್ ಇಲ್ಲ ಅಂದ್ರೆ ಒಂದು ಹನಿಯನ್ನೂ ಹಾಕಲು ಬಿಡಬೇಡಿ. ದಾವಣಗೆರೆಯ ನಮ್ಮ ಅತ್ತೆ ಮನೆಯಲ್ಲಿ ಸೋಫಾ ಹಾಳಾಗಿದ್ದು ಒಂದು ಕಡೆ ಇರಲಿ, ಅವತ್ತು ಮನೆಗೇ ಬೆಂಕಿ ಬೀಳಬಹುದಿತ್ತು.

ಕಲೆ ಎರಡು ಥರದ್ದು. ತಲೆ ಒರಗಿಸುವ ಕಡೆ ವರ್ಷಗಳಿಂದ ಹತ್ತಿದ ಕೊಬ್ಬರಿ ಎಣ್ಣೆಯ ಜಿಡ್ಡು. ಸೀಟಿನ ಮೇಲೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಮಗುಚಿ ಆದ ಹಳದಿ ಕಲೆ. ಫೋನ್‌ನಲ್ಲಿ ವಿಚಾರಿಸಿದಾಗ "ಎಂಥ ಕಲೆಯಾದ್ರೂ ಗ್ಯಾರಂಟಿ ಹೋಗುತ್ತೆ" ಅಂದರು. ಬಟ್ಟೆ ಯಾವುದು ಅಂತ ಒಂದು ಮಾತೂ ಕೇಳಲಿಲ್ಲ.

ಬಂದವರು ಮೊದಲು ಸೋಪಿನ ನೊರೆ ಹಚ್ಚಿ ಬ್ರಶ್‌ನಲ್ಲಿ ಗಸಗಸ ಉಜ್ಜಿದರು. ನೋಡನೋಡುತ್ತಲೇ ಹಳದಿ ಕಲೆ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಆರತಿ ನೀರು ಕದಡಿದವರಿಗೆಲ್ಲ ಗೊತ್ತು. ಬಟ್ಟೆ ಸೋಪು, ಸೋಡಾಪುಡಿ ಕೂಡ ಸುಣ್ಣದ ಹಾಗೆ ಕ್ಷಾರವೇ. ದಿನಾ ಇದೇ ಕೆಲಸ ಮಾಡುವವರಿಗೆ ಇಷ್ಟು ಗೊತ್ತಿರಬೇಕು, ಅಲ್ವಾ? ಅವರು ಗಾಬರಿಯಾಗಿ ಬ್ಯಾಗಿನಿಂದ ಇನ್ನೊಂದು ಬಾಟಲಿ ತೆಗೆದರು. ಕುಡಿಯುವ ನೀರಿನ ಹಳೇ ಪ್ಲಾಸ್ಟಿಕ್ ಬಾಟಲಿ. ಮುಚ್ಚಳ ತೆಗೆದ ಕೂಡಲೇ ಹಾಲ್ ತುಂಬ ಪೇಂಟ್ ವಾಸನೆ. "ಸ್ಪೆಷಲ್ ಕೆಮಿಕಲ್ ಮೇಡಂ" ಅಂದವರು, ಗಟ್ಟಿಯಾಗಿ ಕೇಳಿದ ಮೇಲೆ ಥಿನ್ನರ್ ಅಂತ ಬಾಯಿಬಿಟ್ಟರು. ಅಷ್ಟರಲ್ಲಿ ಸುರಿದಾಗಿತ್ತು.

ದೇವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ರಸ್ತೆ ಧೂಳು ಅಂತ ಕಿಟಕಿಗಳೆಲ್ಲ ಮುಚ್ಚಿದ್ದವು. ಅತ್ತೆ ವಾಸನೆ ಹಿಡಿದು ಓಡಿಹೋಗಿ ದೀಪ ಶಾಂತ ಮಾಡಿದರು, ಆಮೇಲೆ ಕಿಟಕಿ ಬಾಗಿಲು ತೆಗೆದರು. ಆ ಘಳಿಗೆ ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಥಿನ್ನರ್, ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೇ ಹರಿದು ದೂರದ ದೀಪಕ್ಕೋ ಗ್ಯಾಸ್ ಒಲೆಗೋ ತಾಗಿದರೆ ಬೆಂಕಿ ಅದೇ ದಾರಿಯಲ್ಲಿ ಸೋಫಾವರೆಗೆ ವಾಪಸ್ ಬರುತ್ತದೆ. ಪೆಟ್ರೋಲ್ ಅಂತೂ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹತ್ತಿಕೊಳ್ಳುವಂಥದ್ದು. "ಎಣ್ಣೆ ಕಲೆಗೆ ಸ್ವಲ್ಪ ಪೆಟ್ರೋಲ್ ಒರೆಸಿ" ಅನ್ನುವ ಸಲಹೆ ಇವತ್ತಿಗೂ ಓಡಾಡುತ್ತಿದೆ. ದಯವಿಟ್ಟು ಬೇಡ. ಇಂಥ ವಾಸನೆ ಬಂದರೆ ಫ್ಯಾನ್, ಲೈಟ್ ಸ್ವಿಚ್ ಕೂಡ ಮುಟ್ಟಬೇಡಿ. ಅದರ ಕಿಡಿಯೂ ಸಾಕು.

ಇಷ್ಟಾದರೂ ಕಲೆ ಹೋಯಿತಾ? ಇಲ್ಲ. ಥಿನ್ನರ್ ಜಿಡ್ಡನ್ನು ಕರಗಿಸುತ್ತದೆ ನಿಜ. ಆದರೆ ಕರಗಿದ್ದನ್ನು ಹೀರಿ ತೆಗೆಯದಿದ್ದರೆ ಅದು ಸುತ್ತ ಹರಡಿ, ಕೆಳಗಿನ ಸ್ಪಂಜಿಗೂ ಇಳಿಯುತ್ತದೆ. ಒಣಗಿದ ಮೇಲೆ ಅಂಗೈಯಷ್ಟಿದ್ದ ಕಲೆ ತಟ್ಟೆಯಗಲ ಆಗಿ, ಅಂಚಿಗೆ ಕಂದು ಗೆರೆ ಮೂಡಿತ್ತು. ಒಳಗಿನ ಗೋಂದು ಬಿಟ್ಟು ಬಟ್ಟೆ ಸುಕ್ಕುಗಟ್ಟಿತು. ಸೀಟನ್ನು ಒತ್ತಿದರೆ ಸ್ಪಂಜು ಅಲ್ಲೇ ಅಂಟಿಕೊಂಡು ಮೇಲೆ ಏಳುವುದಿಲ್ಲ.

ಸೀಟಿನ ಕೆಳಗೆ ಅಥವಾ ಕುಶನ್ ಜಿಪ್ ಹತ್ತಿರ, ಹೇಗೆ ಕ್ಲೀನ್ ಮಾಡಬೇಕು ಅಂತ ಇಂಗ್ಲಿಷ್ ಅಕ್ಷರದಲ್ಲಿ ತಿಳಿಸುವ ಒಂದು ಪಟ್ಟಿ ಹೊಲಿದಿದೆಯಾ ಹುಡುಕಿ. ಎಲ್ಲ ಸೋಫಾದಲ್ಲೂ ಇರುವುದಿಲ್ಲ. ಡಬ್ಲ್ಯೂ ಅಂತ ಇದ್ದರೆ ನೀರಿನ ಕ್ಲೀನರ್ ನಡೆಯುತ್ತದೆ. ಎಸ್ ಇದ್ದರೆ ನೀರು ತಾಗಿಸಬಾರದು, ಡ್ರೈ ಕ್ಲೀನಿಂಗ್ ದ್ರಾವಣವೇ ಬೇಕು. ಹಾಗಂತ ಪೇಂಟ್ ಥಿನ್ನರ್ ಅಲ್ಲ! ಡಬ್ಲ್ಯೂಎಸ್ ಇದ್ದರೆ ಎರಡೂ ಆಗುತ್ತದೆ. ಎಕ್ಸ್ ಇದ್ದರೆ ಬರೀ ವ್ಯಾಕ್ಯೂಮ್. ಪಟ್ಟಿ ಇರಲಿ ಬಿಡಲಿ, ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ, ಒಣಗಿದ ಮೇಲೆ ನೋಡಬೇಕು.

ಹೊಸ ಎಣ್ಣೆ ಕಲೆಗೆ ಜನ ಕರೆಸುವ ಅಗತ್ಯವೇ ಇಲ್ಲ. ಉಜ್ಜದೆ ಟಿಶ್ಯೂ ಪೇಪರ್ ಒತ್ತಿ ಎಣ್ಣೆ ಹೀರಿಸಿ. ಮೇಲೆ ಕಾರ್ನ್ ಫ್ಲೋರ್ ಉದುರಿಸಿ ರಾತ್ರಿಯಿಡೀ ಬಿಟ್ಟು ವ್ಯಾಕ್ಯೂಮ್ ಮಾಡಿ. ನೀರು ತಡೆಯುವ ಬಟ್ಟೆಯಾದರೆ, ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ ಹಾಕಿ, ಅದರ ನೊರೆಯನ್ನಷ್ಟೇ ಬಿಳಿ ಬಟ್ಟೆಯಲ್ಲಿ ತೆಗೆದುಕೊಂಡು ಕಲೆಯ ಅಂಚಿನಿಂದ ಒಳಕ್ಕೆ ಒತ್ತುತ್ತಾ ಬನ್ನಿ. ಆಮೇಲೆ ಬರೀ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಫ್ಯಾನ್ ಕೆಳಗೆ ಒಣಗಿಸಿ. ಅರಿಶಿನ ಸೇರಿದ್ದರೆ ಜಿಡ್ಡು ಹೋದ ಮೇಲೂ ಹಳದಿ ಉಳಿಯಬಹುದು. ಬಿಚ್ಚಿ ತೆಗೆಯುವಂಥ ಕವರ್ ಆದರೆ ಬಿಸಿಲಿಗೆ ಹಾಕಿ, ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ. ಬಟ್ಟೆಯ ಬಣ್ಣವೂ ಮಾಸಬಹುದು, ಆಗಾಗ ನೋಡುತ್ತಿರಿ.

ಆ ಸಂಸ್ಥೆಯವರು "ಕಲೆ ಮೊದಲೇ ಇತ್ತು" ಅಂತ ಕೈ ತೊಳೆದುಕೊಂಡರು. 1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇವೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ನಮಗೆ ತೊಡಕಾಗಿರುವುದು ರಸೀದಿ. ಅದರಲ್ಲಿ "ಸೋಫಾ ಕ್ಲೀನಿಂಗ್" ಅಂತ ಬಿಟ್ಟರೆ ಬೇರೇನೂ ಇಲ್ಲ. ಕೆಲಸ ಶುರುವಾಗುವ ಮುಂಚೆ ಸೋಫಾದ ಫೋಟೋ ತೆಗೆದಿಡಿ, ಬಾಟಲಿಯ ಫೋಟೋನೂ ತೆಗೆದುಕೊಳ್ಳಿ, ಏನು ಹಚ್ಚುತ್ತಾರೆ ಅನ್ನುವುದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಬಾಗಿಲಿಂದಲೇ ವಾಪಸ್ ಕಳಿಸಿ.