ಬೇಸಿಗೆಯ ಕೊನೆಗೂ ಕೆಂಪಾಗಿರುವ ಜಪಾನೀಸ್ ಮೇಪಲ್ ಯಾವುದು?

ಜಪಾನೀಸ್ ಮೇಪಲ್ ಅಂದರೆ ಎಲೆಯ ಬಣ್ಣಕ್ಕಾಗಿಯೇ ತೋಟದಲ್ಲಿ ಬೆಳೆಸುವ ಪುಟ್ಟ ಮರ. ಚಿಗುರುವಾಗ ಇದರ ಕೆಂಪು ತಳಿಗಳೆಲ್ಲ ಚೆಂದವೇ. ಆ ಹೊತ್ತಿನಲ್ಲಿ ನರ್ಸರಿಗೆ ಹೋದರೆ ಯಾವುದನ್ನು ಬಿಡುವುದು ಅಂತಲೇ ತಿಳಿಯುವುದಿಲ್ಲ. ಹಲವು ತಳಿಗಳನ್ನು ವರ್ಷಗಟ್ಟಲೆ ಬೆಳೆಸಿದ ಮೇಲೆ ನಾನು ನೋಡುವುದು ಒಂದನ್ನೇ: ಬೇಸಿಗೆ ಮುಗಿಯುವ ಹೊತ್ತಿಗೆ ಎಲೆಯ ಬಣ್ಣ ಏನಾಗಿದೆ?

ಆ ಲೆಕ್ಕದಲ್ಲಿ ಬ್ಲಡ್‌ಗುಡ್ ಅನ್ನುವ ತಳಿ ನನಗೆ ಮೊದಲು. ನೆಟ್ಟಗೆ ಬೆಳೆಯುತ್ತದೆ, ನಿಧಾನವಾಗಿ 15ರಿಂದ 20 ಅಡಿ ಆಗುತ್ತದೆ. ಬಿಸಿಲು ಏರಿದಂತೆ ಕೆಂಪು ತುಸು ಮಂಕಾಗುತ್ತದೆ, ಆದರೆ ಪೂರ್ತಿ ಹಸಿರಿಗೆ ತಿರುಗುವುದಿಲ್ಲ. ಎಲೆ ಉದುರುವ ಮುನ್ನ ಮತ್ತೆ ಕೆಂಡದ ಹಾಗೆ ಹೊಳೆಯುತ್ತದೆ. ರೆಕ್ಕೆ ಇರುವ ಬೀಜಗಳೂ ಕೆಂಪೇ, ಅದನ್ನು ನೋಡುವುದೇ ಒಂದು ಖುಷಿ.

ಎಂಪರರ್ ಒನ್ ಕೂಡ ಹೆಚ್ಚುಕಡಿಮೆ ಹಾಗೇ ಇದೆ. ಆದರೆ ಚಿಗುರುವುದು ಸ್ವಲ್ಪ ತಡ. ಚಳಿ ಮುಗಿಯಿತು ಅಂದುಕೊಂಡ ಮೇಲೂ ಹಿಮ ಬೀಳುವ ಕಡೆ ಎಳೆ ಚಿಗುರು ಕರಟಿ ಹೋಗುತ್ತದಲ್ವಾ, ಅಂಥ ಜಾಗಕ್ಕೆ ಬ್ಲಡ್‌ಗುಡ್‌ಗಿಂತ ಇದೇ ವಾಸಿ.

ಜಾಗ ಕಡಿಮೆ ಇದ್ದರೆ ಕೊಂಬೆ ಬಾಗಿ ಇಳಿಬೀಳುವ, ಎಲೆ ಸಣ್ಣಗೆ ಸೀಳಿರುವ ತಳಿಗಳಿವೆ. ಕ್ರಿಮ್ಸನ್ ಕ್ವೀನ್ ತುಂಬಾ ನಾಜೂಕು, ಒಣಗಾಳಿ ಬೀಸಿದರೆ ಎಲೆಯ ತುದಿ ಸುಡುತ್ತದೆ. ತಾಮುಕೆಯಾಮಾ ಹಳೇ ತಳಿ, 1710ರಿಂದಲೇ ಹೆಸರಿದೆ. ಸೆಕೆಯನ್ನು ಚೆನ್ನಾಗಿ ತಡೆಯುತ್ತದೆ. ಇವೆರಡರಲ್ಲಿ ನನ್ನ ಆಯ್ಕೆ ತಾಮುಕೆಯಾಮಾ.

ಶಿನ್ ದೆಶೋಜೊ ಚಿಗುರಿದಾಗ ಉಳಿದವನ್ನೆಲ್ಲ ಮೀರಿಸುತ್ತದೆ, ಕಣ್ಣು ಕುಕ್ಕುವ ಕೆಂಪು. ಬೇಸಿಗೆ ಬಂತೆಂದರೆ ಹಸಿರಾಗಿಬಿಡುತ್ತದೆ. ಆ ಕೆಲವು ವಾರಗಳಿಗಾಗಿಯೇ ಬೆಳೆಸುವವರು ಧಾರಾಳವಾಗಿ ಬೆಳೆಸಲಿ, ಆದರೆ ವರ್ಷವೆಲ್ಲ ಕೆಂಪು ಬೇಕು ಅನ್ನುವವರಿಗೆ ಇದು ಬೇಡ.

ಯಾವ ತಳಿ ತಂದರೂ ಬಣ್ಣ ನಿಲ್ಲುವುದು ಬೆಳಕಿನ ಮೇಲೆ. ಎಲೆಗೆ ಕೆಂಪು ಕೊಡುವ ಆಂಥೋಸಯಾನಿನ್ ಚೆನ್ನಾಗಿ ಕೂಡಬೇಕಾದರೆ ಬಿಸಿಲು ಬೇಕು. ದಟ್ಟ ನೆರಳಿನಲ್ಲಿ ಬ್ಲಡ್‌ಗುಡ್ ಕೂಡ ಹಸಿರು ಬೆರೆತ ಕಂದಾಗುತ್ತದೆ. ಮಧ್ಯಾಹ್ನದ ಸುಡುಬಿಸಿಲಿಗೆ ಇಟ್ಟರೆ ಎಲೆಯ ಅಂಚು ಒಣಗುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನಂತರ ತೆಳು ನೆರಳು ಇರುವ ಕಡೆ ಎಲ್ಲ ತಳಿಗಳೂ ಚೆನ್ನಾಗಿ ಬಂದಿವೆ. ನೀರು ನಿಲ್ಲುವ ಮಣ್ಣು ಬೇಡವೇ ಬೇಡ, ಬೇರು ಕೊಳೆಯುತ್ತದೆ. ಬುಡದ ಸುತ್ತ ಎರಡು ಮೂರು ಇಂಚು ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಿ. ಚಳಿಗಾಲವೇ ಇಲ್ಲದ ಕಡೆ ಈ ಮರ ಸೊರಗುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಚಳಿಯ ವಿಶ್ರಾಂತಿ ಬೇಕು.

ಕೊಳ್ಳುವಾಗ ಕಸಿ ಗಿಡವನ್ನೇ ಕೇಳಿ. ಬೀಜದಿಂದ ಬಂದ ಸಸಿಗಳಲ್ಲಿ ಒಂದರ ಬಣ್ಣ ಇನ್ನೊಂದಕ್ಕಿರುವುದಿಲ್ಲ. ಕಸಿಯ ಗಂಟಿನ ಕೆಳಗೆ ಹಸಿರು ಚಿಗುರು ಬಂದರೆ ಅದು ಕಸಿ ಕಟ್ಟಲು ಬಳಸಿದ ಕೆಳಗಿನ ಬೇರುಗಿಡದ್ದು. ಬಿಟ್ಟರೆ ಮೇಲಿನ ಕೆಂಪು ಕೊಂಬೆಗಳನ್ನೇ ಹಿಂದೆ ಹಾಕುತ್ತದೆ. ಕಂಡ ಕೂಡಲೇ ಬುಡದಿಂದ ಕತ್ತರಿಸಿ.