ನಾಲ್ಕು ಡಿಸ್ಟೋಪಿಯಾ ಸರಣಿಗಳು: ಮೊದಲ ಪುಸ್ತಕದ ಕಾನೂನು ಕೊನೆಯ ಪುಸ್ತಕದವರೆಗೆ ಉಳಿಯುತ್ತದೆಯೇ?

ಹದಿಹರೆಯದ ಓದುಗರಿಗಾಗಿ ಬರೆದ ಡಿಸ್ಟೋಪಿಯಾ ಸರಣಿಗಳಲ್ಲಿ, ಅಂದರೆ ದಬ್ಬಾಳಿಕೆಯ ಕಲ್ಪಿತ ಸಮಾಜಗಳ ಕಥೆಗಳಲ್ಲಿ, ಯಾವುದನ್ನು ಓದಬೇಕು ಎಂದು ಕೇಳುವವರಿಗೆ ಸಿಗುವ ಸಲಹೆ ಬಹುತೇಕ ಮೊದಲ ಪುಸ್ತಕವನ್ನು ಮಾತ್ರ ನೆಚ್ಚಿಕೊಂಡಿರುತ್ತದೆ. ಅದರಲ್ಲಿ ಆಶ್ಚರ್ಯವೇನಿಲ್ಲ, ಏಕೆಂದರೆ ಈ ಪ್ರಕಾರದಲ್ಲಿ ಮೊದಲ ಪುಸ್ತಕ ಕೆಡುವುದು ಅಪರೂಪ. ಒಂದು ಕ್ರೂರ ಕಾನೂನು, ಅದಕ್ಕೆ ಸಿಕ್ಕಿಬೀಳುವ ಹದಿನಾರರ ಆಸುಪಾಸಿನ ಹುಡುಗಿಯೋ ಹುಡುಗನೋ, ಹೊರಬರಲು ದಾರಿಯಿಲ್ಲದ ಒಂದು ಬೇಲಿ, ಇಷ್ಟಿದ್ದರೆ ಪುಟಗಳು ತಾವಾಗಿಯೇ ಓಡುತ್ತವೆ. ಕಷ್ಟ ಶುರುವಾಗುವುದು ಆ ಬೇಲಿ ಮುರಿದ ಮೇಲೆ. ಅದರಾಚೆ ಏನಿದೆ, ಆ ಕಾನೂನನ್ನು ಯಾರು ಯಾವ ಲಾಭಕ್ಕಾಗಿ ಮಾಡಿದರು, ಅದನ್ನು ಕೆಡವಲು ಹೊರಟವರು ಎಂಥವರು ಎಂಬ ಪ್ರಶ್ನೆಗಳಿಗೆ ಎರಡನೆಯ ಮತ್ತು ಮೂರನೆಯ ಪುಸ್ತಕಗಳು ಉತ್ತರ ಕೊಡಲೇಬೇಕಾಗುತ್ತದೆ. ಹೀಗಾಗಿ ನಾಲ್ಕು ಸರಣಿಗಳನ್ನು ಒಂದರ ಬೆನ್ನಿಗೆ ಒಂದರಂತೆ ಕೊನೆಯವರೆಗೂ ಓದಿ, ಮೊದಲ ಪುಸ್ತಕದಲ್ಲಿ ಕಟ್ಟಿದ ಕಾನೂನು ಕೊನೆಯ ಪುಸ್ತಕದಲ್ಲಿ ಎಷ್ಟು ಗಟ್ಟಿಯಾಗಿ ಉಳಿದಿದೆ ಎಂಬ ಒಂದೇ ಅಳತೆಗೋಲಿನಿಂದ ಅವುಗಳನ್ನು ನೋಡಿದ್ದೇನೆ.

ಓದಿದ್ದು ಇವನ್ನು: ಸುಜಾನ್ ಕಾಲಿನ್ಸ್ ಅವರ 'ದ ಹಂಗರ್ ಗೇಮ್ಸ್' ತ್ರಿವಳಿ (2008ರಿಂದ 2010), ಜೇಮ್ಸ್ ಡ್ಯಾಶ್ನರ್ ಅವರ 'ದ ಮೇಝ್ ರನ್ನರ್' (2009ರಿಂದ 2011), ವೆರೋನಿಕಾ ರಾತ್ ಅವರ 'ಡೈವರ್ಜೆಂಟ್' (2011ರಿಂದ 2013), ಮತ್ತು ಇವುಗಳಿಗಿಂತ ಬಹಳ ಮೊದಲೇ, 1993ರಲ್ಲಿ, ಲೋಯಿಸ್ ಲೌರಿ ಅವರು ಆರಂಭಿಸಿದ 'ದ ಗಿವರ್' ಸರಣಿ. ಕಥೆಯ ಕಟ್ಟಕಡೆಯ ತಿರುವುಗಳನ್ನು ಬಿಟ್ಟುಕೊಡದಿರಲು ಪ್ರಯತ್ನಿಸಿದ್ದೇನೆ. ಆದರೆ ನಂತರದ ಪುಸ್ತಕಗಳಲ್ಲಿ ಏನಿದೆ ಎಂಬುದನ್ನು ಪೂರ್ತಿ ಮುಚ್ಚಿಟ್ಟು ಈ ಹೋಲಿಕೆ ಮಾಡಲಾಗದು.

'ದ ಹಂಗರ್ ಗೇಮ್ಸ್' ಎಂದರೆ ಇಪ್ಪತ್ತನಾಲ್ಕು ಮಕ್ಕಳನ್ನು ಒಂದು ಅಖಾಡಕ್ಕೆ ಬಿಟ್ಟು ಒಬ್ಬರು ಉಳಿಯುವವರೆಗೆ ಕಾದಾಡಿಸುವ ಕಥೆ ಎಂದು ಓದದವರಿಗೂ ಗೊತ್ತಿರುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಖಾಡಕ್ಕಿಂತ ಮೊದಲು, ಮೊದಲ ಅಧ್ಯಾಯದಲ್ಲೇ ಬರುವ ಒಂದು ಲೆಕ್ಕ. ಪಾನೆಮ್ ಎಂಬ ಆ ದೇಶದ ಹನ್ನೆರಡು ಜಿಲ್ಲೆಗಳಲ್ಲಿ ಹನ್ನೆರಡು ತುಂಬಿದ ಪ್ರತಿ ಮಗುವಿನ ಹೆಸರು ಚೀಟಿ ಎತ್ತುವ ಗಾಜಿನ ಬುಟ್ಟಿಗೆ ಒಮ್ಮೆ ಬೀಳುತ್ತದೆ. ವರ್ಷಕ್ಕೊಂದರಂತೆ ಹೆಚ್ಚುತ್ತಾ ಹೋಗಿ ಹದಿನೆಂಟರಲ್ಲಿ ಏಳಾಗುತ್ತದೆ. ಇಲ್ಲಿಯವರೆಗೆ ಬಡವರಿಗೂ ಉಳ್ಳವರಿಗೂ ಒಂದೇ ನಿಯಮ. ಆದರೆ ಹಸಿದ ಮನೆಯ ಮಗು ತನ್ನ ಹೆಸರನ್ನು ಇನ್ನೊಮ್ಮೆ ಸೇರಿಸಲು ಒಪ್ಪಿದರೆ, ಒಬ್ಬರಿಗೆ ಒಂದು ವರ್ಷಕ್ಕೆ ಹೇಗೋ ಸಾಲುವಷ್ಟು ಧಾನ್ಯ ಮತ್ತು ಎಣ್ಣೆ ಸಿಗುತ್ತದೆ. ಇದಕ್ಕೆ ಟೆಸೆರಾ ಎನ್ನುತ್ತಾರೆ. ಮನೆಯ ಪ್ರತಿಯೊಬ್ಬರ ಪರವಾಗಿಯೂ ಒಂದೊಂದು ಟೆಸೆರಾ ಪಡೆಯಬಹುದು, ಮತ್ತು ಹೀಗೆ ಸೇರಿದ ಚೀಟಿಗಳು ಮುಂದಿನ ವರ್ಷಗಳಿಗೂ ಹಾಗೆಯೇ ಉಳಿದುಕೊಳ್ಳುತ್ತವೆ. ತಾನು, ತಾಯಿ, ತಂಗಿ ಎಂದು ಮೂವರಿಗಾಗಿ ಟೆಸೆರಾ ಪಡೆದ ಕಥಾನಾಯಕಿ ಕ್ಯಾಟ್ನಿಸ್‌ಳ ಹೆಸರು ವರ್ಷಕ್ಕೆ ನಾಲ್ಕರಂತೆ ಬೆಳೆದು ಹದಿನಾರನೆಯ ವಯಸ್ಸಿಗೆ 20 ಚೀಟಿಗಳಲ್ಲಿದೆ. ಐವರ ಸಂಸಾರವನ್ನು ಹೊತ್ತ ಗೇಲ್ ಎಂಬ ಹದಿನೆಂಟರ ಹುಡುಗನ ಹೆಸರು 42 ಚೀಟಿಗಳಲ್ಲಿದೆ. ಮೇಯರ್ ಮಗಳ ಹೆಸರು ಐದೇ ಐದು ಸಲ ಇದ್ದೀತು ಎಂದು ಅದೇ ಗೇಲ್ ಅವಳ ಮುಖದ ಮೇಲೆ ಹೇಳುತ್ತಾನೆ.

ಈ ಲೆಕ್ಕ ಒಂದು ಪುಟವನ್ನೂ ತುಂಬುವುದಿಲ್ಲ, ಆದರೆ ಒಂದು ಆಳ್ವಿಕೆಯ ಸ್ವರೂಪವನ್ನೆಲ್ಲ ಬಯಲಿಗಿಡುತ್ತದೆ. ಸರ್ಕಾರ ಯಾರನ್ನೂ ಬಲವಂತ ಮಾಡಿಲ್ಲ. ಮಗು ತಾನಾಗಿ ಒಪ್ಪಿದೆ. ಚೀಟಿ ಎತ್ತುವುದು ಎಲ್ಲರೆದುರಿಗೆ ಪಾರದರ್ಶಕವಾಗಿಯೇ ನಡೆಯುತ್ತದೆ. ಹಾಗಿದ್ದೂ ಸಾಯುವವರು ಬಹುತೇಕ ಬಡವರೇ. ಜೊತೆಗೆ, ಟೆಸೆರಾ ಪಡೆದವರಿಗೂ ಪಡೆಯಬೇಕಾಗಿಲ್ಲದವರಿಗೂ ನಡುವೆ ಹುಟ್ಟುವ ದ್ವೇಷ ಆಳುವವರಿಗೆ ಬಿಟ್ಟಿಯಾಗಿ ಸಿಕ್ಕ ಲಾಭ. ಒಳ್ಳೆಯ ಡಿಸ್ಟೋಪಿಯಾದ ಕಾನೂನು ಹೀಗಿರಬೇಕು: ಕೇಳಿದೊಡನೆ ಅದರಿಂದ ಯಾರಿಗೆ ಲಾಭ ಎಂಬುದು ತಿಳಿಯಬೇಕು.

'ಡೈವರ್ಜೆಂಟ್' ಎಡವುವುದು ಇಲ್ಲಿಯೇ. ಅದರ ಕಲ್ಪನೆ ಮೊದಲ ನೋಟಕ್ಕೆ ಹೆಚ್ಚು ಆಕರ್ಷಕವಾದುದು ಎಂಬುದನ್ನು ಒಪ್ಪಬೇಕು. ಭವಿಷ್ಯದ ಶಿಕಾಗೋ ನಗರದಲ್ಲಿ ತ್ಯಾಗ, ಪ್ರಾಮಾಣಿಕತೆ, ಶಾಂತಿ, ಧೈರ್ಯ, ಜ್ಞಾನ ಎಂಬ ಐದು ಗುಣಗಳಿಗೆ ಐದು ಪಂಗಡಗಳಿವೆ. ಹದಿನಾರು ತುಂಬಿದವರು ಅಂಗೈ ಕೊಯ್ದುಕೊಂಡು, ತಮ್ಮ ಆಯ್ಕೆಯ ಪಂಗಡದ ಬೋಗುಣಿಗೆ ರಕ್ತದ ಹನಿ ಬೀಳಿಸಬೇಕು. ತ್ಯಾಗದ ಬೋಗುಣಿಯಲ್ಲಿ ಬೂದುಗಲ್ಲುಗಳಿವೆ, ಧೈರ್ಯದ್ದರಲ್ಲಿ ಕೆಂಡವಿದೆ. ಹುಟ್ಟಿದ ಪಂಗಡಕ್ಕೂ ಮನಸ್ಸೆಳೆದ ಪಂಗಡಕ್ಕೂ ನಡುವೆ ಕಥಾನಾಯಕಿ ಟ್ರಿಸ್‌ಳ ಕೈ ಒಂದು ಕ್ಷಣ ತಡೆದು, ಹನಿಗಳು ನೆಲಹಾಸಿನ ಮೇಲೆ ಬಿದ್ದು, ಕೊನೆಗೆ ಕೆಂಡದ ಮೇಲೆ ರಕ್ತ ಚುರ್ರೆನ್ನುವ ದೃಶ್ಯ ನಾಲ್ಕೂ ಸರಣಿಗಳ ಆರಂಭದ ದೃಶ್ಯಗಳಲ್ಲಿ ಅತ್ಯಂತ ಪರಿಣಾಮಕಾರಿಯಾದದ್ದು. ಆ ನಂತರದ ತರಬೇತಿಯ ಭಾಗವನ್ನೂ, ಅದರಲ್ಲೂ ಭಯಗಳನ್ನು ಒಂದೊಂದಾಗಿ ಎದುರಿಸುವ ಪರೀಕ್ಷೆಗಳನ್ನು, ಪುಸ್ತಕ ಕೆಳಗಿಡದೆ ಓದಿದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದಾಗಲೇ ರಾತ್ ಇದನ್ನು ಬರೆದರು ಎಂಬುದು ಈ ಪುಟಗಳ ಹುರುಪನ್ನು ನೋಡಿದರೆ ನಂಬುವಂತೆಯೇ ಇದೆ.

ಆದರೆ ಓಟ ನಿಂತು ಯೋಚಿಸಲು ಕುಳಿತರೆ, ಒಂದೇ ಗುಣಕ್ಕೆ ಅಂಟಿಕೊಂಡು ಬದುಕಲು ಒಂದು ಇಡೀ ನಗರ ಏಕೆ ಒಪ್ಪಿತು ಎಂಬ ಪ್ರಶ್ನೆಗೆ ಹಿಡಿಯಲು ಏನೂ ಸಿಗುವುದಿಲ್ಲ. ಯಾವ ಪಂಗಡಕ್ಕೂ ಸೇರದವರು ಕಸ ಬಳಿಯುವ, ರೈಲು ನಡೆಸುವ ಕೆಲಸಗಳನ್ನು ಮಾಡಿಕೊಂಡು ಅರೆಹೊಟ್ಟೆಯಲ್ಲಿ ಬದುಕುತ್ತಾರೆ ಎಂಬ ಮಾತು ಬರುತ್ತದೆ. ಟೆಸೆರಾದಂಥ ಒಂದು ಲೆಕ್ಕ ಹುಟ್ಟಬಹುದಾಗಿದ್ದ ಜಾಗ ಅದೇ. ಕಾದಂಬರಿ ಅದನ್ನು ದಾಟಿಕೊಂಡು ಮುಂದಿನ ಹೊಡೆದಾಟಕ್ಕೆ ಓಡುತ್ತದೆ.

ಮೂರನೆಯ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟಾಗ ಈ ವ್ಯತ್ಯಾಸ ಢಾಳಾಗಿ ಕಾಣುತ್ತದೆ. 2013ರ 'ಅಲೀಜಿಯಂಟ್' ನಗರದ ಬೇಲಿ ದಾಟಿದ ಕೂಡಲೇ, ಪಂಗಡಗಳೆಲ್ಲ ಒಂದು ವಂಶವಾಹಿ ಪ್ರಯೋಗದ ಭಾಗವೆಂದೂ ಹೊರಗಿನ ಜಗತ್ತು ಜನರನ್ನು ಶುದ್ಧ ವಂಶವಾಹಿಯವರು ಮತ್ತು ಕೆಟ್ಟ ವಂಶವಾಹಿಯವರು ಎಂದು ವಿಂಗಡಿಸಿದೆಯೆಂದೂ ಹೇಳುತ್ತದೆ. ಅಂದರೆ ಎರಡು ಪುಸ್ತಕಗಳುದ್ದಕ್ಕೂ ನಾವು ಕಲಿತ ಕಾನೂನಿನ ಜಾಗದಲ್ಲಿ ಬೇರೊಂದು ಕಾನೂನು ಬಂದು ಕೂರುತ್ತದೆ, ಮತ್ತು ಅದನ್ನು ಪಾತ್ರಗಳು ಒಬ್ಬರಿಗೊಬ್ಬರು ವಿವರಿಸುವುದರಲ್ಲಿಯೇ ಬಹಳಷ್ಟು ಪುಟಗಳು ಕಳೆಯುತ್ತವೆ. ಇದರ ಕೊನೆಯ ಬಗ್ಗೆ ಓದುಗರಲ್ಲಿ ದೊಡ್ಡ ಜಗಳವೇ ನಡೆದಿದೆ. ಕೊನೆ ನನಗೆ ಅಷ್ಟು ತೊಂದರೆ ಕೊಡಲಿಲ್ಲ. ತ್ಯಾಗವೂ ಧೈರ್ಯವೂ ಬೇರೆಬೇರೆಯೇ ಎಂಬ ಮೊದಲ ಪುಸ್ತಕದ ಪ್ರಶ್ನೆಗೆ ಆ ಕೊನೆಯಾದರೂ ನಿಷ್ಠವಾಗಿದೆ. ತೊಂದರೆ ಕೊಟ್ಟದ್ದು ಅಲ್ಲಿಗೆ ಹೋಗುವ ದಾರಿ.

ಇದಕ್ಕೆ ಎದುರಾಗಿ 2010ರ 'ಮಾಕಿಂಗ್‌ಜೇ' ನಿಧಾನವಾದ, ಉಸಿರುಗಟ್ಟಿಸುವ ಪುಸ್ತಕ. ಅಖಾಡವಿಲ್ಲ, ಕಥೆಯ ಬಹುಭಾಗ ನೆಲದಡಿಯಲ್ಲಿ. ಬಂಡಾಯಗಾರರ ನೆಲೆಯಾದ ಹದಿಮೂರನೆಯ ಜಿಲ್ಲೆಯಲ್ಲಿ ಪ್ರತಿ ಬೆಳಿಗ್ಗೆ ಗೋಡೆಯ ಯಂತ್ರವೊಂದಕ್ಕೆ ಬಲಗೈ ಒಡ್ಡಿದರೆ, ಮುಂಗೈಯ ಒಳಭಾಗದಲ್ಲಿ ನೇರಳೆ ಶಾಯಿಯಿಂದ ಆ ದಿನದ ವೇಳಾಪಟ್ಟಿ ಅಚ್ಚಾಗುತ್ತದೆ. ರಾತ್ರಿ ಸ್ನಾನದ ಹೊತ್ತಿನವರೆಗೆ ಅದು ಅಳಿಯುವುದಿಲ್ಲ. ಊಟದಲ್ಲಿ ಒಂದು ತುಂಡು ಬ್ರೆಡ್ ಹೆಚ್ಚು ತೆಗೆದುಕೊಂಡ ಕಾರಣಕ್ಕೆ ಕ್ಯಾಟ್ನಿಸ್‌ಳನ್ನು ಹಿಂದೆ ಸಿಂಗರಿಸುತ್ತಿದ್ದ ತಂಡದವರನ್ನು ಗೋಡೆಗೆ ಸಂಕೋಲೆ ಹಾಕಿ ಕೂಡಿಹಾಕಿದ್ದನ್ನು ಅವಳು ಕಾಣುತ್ತಾಳೆ. ಧಾನ್ಯಕ್ಕೆ ಬದಲಾಗಿ ಚೀಟಿ ಎಂಬ ಮೊದಲ ಪುಸ್ತಕದ ಕಾನೂನು, ಬಿಡಿಸಲು ಬಂದವರ ಕೈಯಲ್ಲಿಯೂ ಬೇರೆ ವೇಷದಲ್ಲಿ ಮುಂದುವರಿದಿದೆ. ಕಾಲಿನ್ಸ್ ಅದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ, ಓದುಗ ತಾನೇ ಎರಡು ಅನ್ನದ ಲೆಕ್ಕಗಳನ್ನು ಜೋಡಿಸಿಕೊಳ್ಳಬೇಕು. ಮೊದಲೆರಡು ಪುಸ್ತಕಗಳ ವೇಗಕ್ಕಾಗಿ ಬಂದವರಿಗೆ ಇದು ಬೇಸರ ತರಿಸಬಹುದು, ಆದರೆ ನಾಲ್ಕು ಸರಣಿಗಳಲ್ಲಿ ಎರಡನೆಯ ಬಾರಿ ಓದಬೇಕೆನಿಸಿದ ಕೊನೆಯ ಪುಸ್ತಕ ಇದೊಂದೇ.

'ದ ಮೇಝ್ ರನ್ನರ್' ಬಗ್ಗೆ ಕಡಿಮೆ ಹೇಳಿದರೆ ಸಾಕು. ನೆನಪು ಅಳಿಸಿದ ಹುಡುಗರು ಲಿಫ್ಟಿನಂಥ ಪೆಟ್ಟಿಗೆಯಲ್ಲಿ ತಿಂಗಳಿಗೊಬ್ಬರಂತೆ ಒಂದು ಬಯಲಿಗೆ ಬರುತ್ತಾರೆ, ಸುತ್ತಲೂ ರಾತ್ರಿಯಾದೊಡನೆ ಬಾಗಿಲು ಮುಚ್ಚಿಕೊಂಡು ಗೋಡೆಗಳು ಸರಿದಾಡುವ ಚಕ್ರವ್ಯೂಹ. ಅಧ್ಯಾಯಗಳು ಪುಟ್ಟವು, ಪ್ರತಿಯೊಂದೂ ಒಂದು ಕೊಕ್ಕೆಯಿಂದ ಮುಗಿಯುತ್ತದೆ, ಆದ್ದರಿಂದ ಓದಿನ ಅಭ್ಯಾಸ ತಪ್ಪಿದವರಿಗೆ ಇದಕ್ಕಿಂತ ಸುಲಭವಾದ ಬಾಗಿಲಿಲ್ಲ. ಓಟಗಾರರು ದಿನದಿನವೂ ಬರೆದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟಾಗ ಅಕ್ಷರಗಳು ಮೂಡುವ ಭಾಗ ನಿಜಕ್ಕೂ ಜಾಣತನದ್ದು. ಆದರೆ ಇಲ್ಲಿ ಕಾನೂನೆಂಬುದು ಇಲ್ಲ, ಒಗಟು ಮಾತ್ರ ಇದೆ. ಒಗಟಿಗೆ ಉತ್ತರ ಕೊಡುವುದನ್ನು ಮುಂದೂಡುವುದೇ ಕಥೆ ನಡೆಸುವ ಉಪಾಯ. ಹೊಸದಾಗಿ ಬಂದ ಥಾಮಸ್ ಕೇಳಿದ್ದಕ್ಕೆಲ್ಲ ಉಳಿದವರು 'ಆಮೇಲೆ ಹೇಳುತ್ತೇವೆ' ಎನ್ನುವುದು ಮೊದಲ ಅಧ್ಯಾಯಗಳಲ್ಲಿ ಕುತೂಹಲ ಹುಟ್ಟಿಸಿದರೆ, ಮೂರನೆಯ ಪುಸ್ತಕದ ಹೊತ್ತಿಗೆ ರೇಗಿಸುತ್ತದೆ. ರೋಗಕ್ಕೆ ಮದ್ದು ಹುಡುಕಲು ಮಕ್ಕಳ ಮಿದುಳನ್ನು ಪರೀಕ್ಷಿಸುವ ಸಂಸ್ಥೆಗೆ ಇಷ್ಟು ದುಬಾರಿಯಾದ ಚಕ್ರವ್ಯೂಹ ಏಕೆ ಬೇಕಾಯಿತು ಎಂಬುದಕ್ಕೆ ಸರಣಿ ಕೊಡುವ ಸಮಾಧಾನ ನನ್ನನ್ನು ಒಪ್ಪಿಸಲಿಲ್ಲ.

ನಿರೂಪಣೆಯ ದನಿಯ ವಿಚಾರದಲ್ಲಿ ಒಂದು ಅಡ್ಡ ಹೋಲಿಕೆ ಅಗತ್ಯ. ಕ್ಯಾಟ್ನಿಸ್ ಮತ್ತು ಟ್ರಿಸ್ ಇಬ್ಬರೂ 'ನಾನು' ಎಂದು, ಅದೂ ವರ್ತಮಾನ ಕಾಲದಲ್ಲಿ ಕಥೆ ಹೇಳುತ್ತಾರೆ. 'ಅಲೀಜಿಯಂಟ್' ಮಾತ್ರ ಟ್ರಿಸ್ ಮತ್ತು ಅವಳ ಪ್ರಿಯಕರ ಟೋಬಿಯಾಸ್ ಇಬ್ಬರಿಗೂ ಅಧ್ಯಾಯಗಳನ್ನು ಹಂಚುತ್ತದೆ, ಮತ್ತು ನಡುವಿನಿಂದ ಪುಸ್ತಕ ತೆರೆದಾಗ ಮಾತಾಡುತ್ತಿರುವುದು ಯಾರೆಂದು ತಿಳಿಯಲು ನಾನು ಅನೇಕ ಬಾರಿ ಅಧ್ಯಾಯದ ತಲೆಬರಹಕ್ಕೆ ಮರಳಬೇಕಾಯಿತು. ಇದೇ ಕೆಲಸವನ್ನು ಪ್ಯಾಟ್ರಿಕ್ ನೆಸ್ ಅವರ 'ಕೇಯಾಸ್ ವಾಕಿಂಗ್' ತ್ರಿವಳಿ (2008ರಿಂದ 2010) ಎಷ್ಟು ಚೆನ್ನಾಗಿ ಮಾಡಿದೆ ಎಂಬುದು ಈ ಗೊಂದಲದ ಬೆನ್ನಲ್ಲೇ ನೆನಪಾಗುತ್ತದೆ. ಗಂಡಸರ ಯೋಚನೆಗಳೆಲ್ಲ ಎಲ್ಲರಿಗೂ ಕೇಳಿಸುವ ಆ ಲೋಕದಲ್ಲಿ ಓದುಬರಹ ಸರಿಯಾಗಿ ಬಾರದ ಟಾಡ್‌ನ ಕಾಗುಣಿತವೇ ತಪ್ಪುತಪ್ಪಾಗಿದೆ, ಎರಡನೆಯ ಪುಸ್ತಕದಲ್ಲಿ ವಯೋಲಾ ಮಾತಾಡತೊಡಗಿದಾಗ ವಾಕ್ಯದ ನಡಿಗೆಯೇ ಬದಲಾಗುತ್ತದೆ. ಎರಡು ದನಿಗಳ ಕಥೆಯನ್ನೇ ಓದಬೇಕೆನ್ನುವವರು ಅದನ್ನು ಓದಲಿ.

'ದ ಗಿವರ್' ಇವೆಲ್ಲಕ್ಕಿಂತ ಗಾತ್ರದಲ್ಲಿ ಚಿಕ್ಕದು, ವಯಸ್ಸಿನಲ್ಲಿ ಹಿರಿದು; 1994ರಲ್ಲಿ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕವೂ ಬಂತು. ಇಲ್ಲಿ ಹೊಡೆದಾಟವಿಲ್ಲ, ಹಸಿವಿಲ್ಲ, ನೋವೂ ಇಲ್ಲ. ಎಲ್ಲರೂ ವಿನಯವಂತರು, ಮಕ್ಕಳಿಗೆ ಹನ್ನೆರಡು ತುಂಬಿದಾಗ ಹಿರಿಯರೇ ಕೆಲಸ ಗೊತ್ತುಮಾಡುತ್ತಾರೆ, ಮುದುಕರನ್ನೂ ತಪ್ಪು ಮಾಡಿದವರನ್ನೂ 'ಬಿಡುಗಡೆ' ಮಾಡಲಾಗುತ್ತದೆ. ಈ ಸಮಾಜಕ್ಕೆ ಬಣ್ಣಗಳೇ ಕಾಣವು ಎಂಬುದನ್ನು ಲೌರಿ ಮೊದಲೇ ತಿಳಿಸುವುದಿಲ್ಲ. ಎಸೆದ ಸೇಬೊಂದು ಗಾಳಿಯಲ್ಲಿ ಹೇಗೋ ಬದಲಾದಂತೆ ಕಥಾನಾಯಕ ಜೋನಸ್‌ಗೆ ಅನಿಸುತ್ತದೆ, ಏನು ಬದಲಾಯಿತೆಂದು ಹೇಳಲು ಅವನ ಬಳಿ ಪದವಿಲ್ಲ, ನಮಗೂ ಅದು ಅಧ್ಯಾಯಗಳ ನಂತರವೇ ಹೊಳೆಯುತ್ತದೆ. ಹೀಗೆ ಕಾನೂನನ್ನು ವಿವರಿಸದೆಯೇ ಓದುಗನನ್ನು ಅದರೊಳಗೆ ಕೂರಿಸುವ ಕೌಶಲ ಕಾಲಿನ್ಸ್ ಅವರಲ್ಲಿಯೂ ಇಲ್ಲ. ಆದರೆ ಇದನ್ನು ಸರಣಿಯೆಂದು ಓದಿದರೆ ನಿರಾಸೆ ಖಂಡಿತ. 2000ದ ಎರಡನೆಯ ಪುಸ್ತಕ ಬೇರೆಯೇ ಹಳ್ಳಿಯ ಬೇರೆಯೇ ಹುಡುಗಿಯ ಕಥೆ, 2004ರ ಮೂರನೆಯದರಲ್ಲಿ ಎಳೆಗಳು ಸೇರುತ್ತವೆ, 2012ರ ನಾಲ್ಕನೆಯದು ಮೊದಲ ಪುಸ್ತಕದ ಕಾಲಕ್ಕೆ ಮರಳಿ ಇನ್ನೊಂದು ಬದಿಯಿಂದ ನೋಡುತ್ತದೆ. ಅಷ್ಟರಲ್ಲಿ ಮಾಟಮಂತ್ರದಂಥ ಶಕ್ತಿಗಳೂ ಬಂದು ಸೇರಿಕೊಂಡಿರುತ್ತವೆ. ಮೊದಲ ಪುಸ್ತಕವನ್ನು ಒಂಟಿ ಕಾದಂಬರಿಯಾಗಿ ಓದಿ, ಅದರ ಅಸ್ಪಷ್ಟ ಕೊನೆಯನ್ನು ಹಾಗೆಯೇ ಬಿಡುವುದು ಮೇಲು.

ಸಮಯ ಕಡಿಮೆಯಿದ್ದರೆ, 'ದ ಗಿವರ್' ಒಂದು ಪುಸ್ತಕ ಮತ್ತು 'ದ ಹಂಗರ್ ಗೇಮ್ಸ್' ಮೂರೂ ಪುಸ್ತಕ ಎಂದು ಹೇಳುತ್ತೇನೆ. 'ಡೈವರ್ಜೆಂಟ್' ಮೊದಲನೆಯದನ್ನು ಓದಿ ಅಲ್ಲಿಗೇ ನಿಲ್ಲಿಸಿದರೆ ಸಂತೋಷ ಕೆಡುವುದಿಲ್ಲ. ಕಾಲಿನ್ಸ್ ನಂತರ ಬರೆದ ಪೂರ್ವಕಥೆಗಳು ಎರಡಿವೆ, 2020ರದು ಮತ್ತು 2025ರದು. ಕಾಲಕ್ರಮದಲ್ಲಿ ಮೊದಲು ಬರುತ್ತವೆಂದು ಅವುಗಳಿಂದ ಆರಂಭಿಸಬಾರದು. 2020ರ ಪುಸ್ತಕದಲ್ಲಿ ಮುಂದೆ ಅಧ್ಯಕ್ಷನಾಗಲಿರುವ ಸ್ನೋ ಇನ್ನೂ ಹದಿನೆಂಟರ ವಿದ್ಯಾರ್ಥಿ. ಹತ್ತನೆಯ ಪಂದ್ಯಕ್ಕೆ ತಂದ ಮಕ್ಕಳನ್ನು ಮೃಗಾಲಯದ ಕೋತಿಗಳ ಬೋನಿನಲ್ಲಿ ಇಡಲಾಗಿದೆ, ನೋಡುಗರಿಗೆ ಪಂದ್ಯದಲ್ಲಿ ಆಸಕ್ತಿಯೇ ಇಲ್ಲ. ಜನ ಬಾಜಿ ಕಟ್ಟಲಿ, ಮೆಚ್ಚಿದ ಮಗುವಿಗೆ ಹಣ ಕೊಟ್ಟು ಊಟ ಕಳಿಸಲಿ ಎಂಬ ಸಲಹೆಯನ್ನು ಸ್ನೋ ಬರೆದುಕೊಡುತ್ತಾನೆ. ಮೂಲ ತ್ರಿವಳಿಯಲ್ಲಿ ಕ್ಯಾಟ್ನಿಸ್‌ಳ ಜೀವ ಉಳಿಸುವ, ಬೆಳ್ಳಿ ಪ್ಯಾರಾಚೂಟಿನಲ್ಲಿ ಇಳಿದು ಬರುವ ಮದ್ದು ಮತ್ತು ಊಟ ಎಲ್ಲಿಂದ ಹುಟ್ಟಿದವು ಎಂಬುದು ಆ ಮೂರನ್ನು ಓದಿ ಬಂದವರಿಗೆ ಮಾತ್ರ ತಟ್ಟುತ್ತದೆ.