ಗಿಲ್ಡ್ ವಾರ್ಸ್ 2: ಜಗಳಗಂಟನೂ ಭಾವನೂ ಒಂದೇ ಆಟದಲ್ಲಿ

ನಮ್ಮ ಕಡೆ ಆಟ ಅಂದರೆ ಯಕ್ಷಗಾನ. ಅದಕ್ಕೇ ರಾತ್ರಿ ಊಟ ಮುಗಿಸಿ ನಾನು ಹೆಡ್‌ಫೋನ್ ಸಿಕ್ಕಿಸಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತರೆ ಅಮ್ಮ "ಇವತ್ತು ಎಂತ ಪ್ರಸಂಗ?" ಅಂತ ಕೇಳುತ್ತಾರೆ. ಪತ್ತನಾಜೆ ಕಳೆದರೆ ಮೇಳದವರೂ ಗೆಜ್ಜೆ ಬಿಚ್ಚುತ್ತಾರೆ, ನಿನ್ನ ಆಟಕ್ಕೆ ಮಳೆಗಾಲವೂ ಇಲ್ಲವಾ ಅಂತ ಬೇರೆ. ಇಲ್ಲ. ಎರಡು ವರ್ಷದಿಂದ ಗಿಲ್ಡ್ ವಾರ್ಸ್ 2 ಅನ್ನುವ ಆನ್‌ಲೈನ್ ಆಟ ಆಡುತ್ತಿದ್ದೇನೆ, ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟದ ನಡುವಿನ ಮನೆಯಿಂದ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ. ಹೊಸ ಆಟವೇನಲ್ಲ ಇದು. ಅರೀನಾನೆಟ್‌ನವರು 2012ರ ಆಗಸ್ಟಿನಲ್ಲಿ ಬಿಟ್ಟದ್ದು.

ನಮ್ಮದು ಐದು ಜನರ ಗುಂಪು. ನಾನು, ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ, ಉಪ್ಪಳದ ಇಬ್ಬರು ಗೆಳೆಯರು, ಮತ್ತೆ ಅಕ್ಕನ ಗಂಡ, ಅಂದರೆ ಭಾವ. ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಅಂತ ಎಲ್ಲ ಭಾಷಣದಲ್ಲೂ ಹೇಳುತ್ತಾರಲ್ಲ, ಅದು ನೋಡಬೇಕಿದ್ದರೆ ನಮ್ಮ ವಾಯ್ಸ್ ಚಾಟ್‌ಗೆ ಬನ್ನಿ. ಒಂದೇ ವಾಕ್ಯ ತುಳುವಿನಲ್ಲಿ ಶುರುವಾಗಿ ಮಲಯಾಳದಲ್ಲಿ ಮುಗಿಯುತ್ತದೆ. ಭಾಷೆ ನಮಗೆ ತೊಂದರೆಯೇ ಅಲ್ಲ, ತೊಂದರೆ ರುಚಿಯದ್ದು. ಉಪ್ಪಳದವರಲ್ಲಿ ಒಬ್ಬನಿಗೆ ಎದುರಿಗೆ ನಿಜವಾದ ಮನುಷ್ಯ ಇರಬೇಕು, ಅವನನ್ನು ಕೆಡವಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಭಾವನಿಗೆ ಅದಾಗದು. ಅವರು ಆಟದಲ್ಲೂ ಮೀನು ಹಿಡಿಯುವವರು (2022ರ ಎಂಡ್ ಆಫ್ ಡ್ರಾಗನ್ಸ್ ವಿಸ್ತರಣೆಯಲ್ಲಿ ಗಾಳ ಬಂತು, ಅಲ್ಲಿಂದ ಅವರನ್ನು ಹಿಡಿಯುವವರಿಲ್ಲ), ಯಾರಾದರೂ ಕಷ್ಟದಲ್ಲಿದ್ದರೆ ಓಡಿ ಹೋಗಿ ಎಬ್ಬಿಸುವವರು.

ಇದಕ್ಕೆ ಮೊದಲು ಫೋನಿನಲ್ಲಿ ಬೇರೊಂದು ಆಟ ಆಡುತ್ತಿದ್ದೆವು. ಹೆಸರು ಬೇಡ. ಅಲ್ಲಿ ಕಾಡಿಗೆ ಹೋದವರನ್ನು ಯಾರು ಬೇಕಾದರೂ ಕೊಲ್ಲಬಹುದಿತ್ತು, ಸತ್ತವನ ಸಾಮಾನು ಕೊಂದವನಿಗೆ. ಭಾವ ಒಂದು ತಿಂಗಳು ಕೂತು ಒಟ್ಟುಮಾಡಿದ ಕವಚ, ಕತ್ತಿ ಎಲ್ಲ ಒಂದು ಸಂಜೆ ಮೂರು ಜನ ಸೇರಿ ಹೊಡೆದುಕೊಂಡು ಹೋದರು. ಅವರು ಏನೂ ಹೇಳಲಿಲ್ಲ. ಆಟವನ್ನು ಫೋನಿನಿಂದ ತೆಗೆದು, ಚಹಾ ಕುಡಿದು, ಮಲಗಿದರು. ಉಪ್ಪಳದವನಿಗೆ ಮಾತ್ರ ಅದೇ ಆಟ ಸ್ವರ್ಗ. ಹಾಗಾದರೆ ಈ ಇಬ್ಬರನ್ನೂ ಒಂದೇ ಆಟದಲ್ಲಿ ಕೂರಿಸುವುದು ಹೇಗೆ?

ಈ ಪ್ರಶ್ನೆ ಆನ್‌ಲೈನ್ ಆಟಗಳಷ್ಟೇ ಹಳೆಯದು. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಊರಿನ ಗಡಿ ದಾಟಿದರೆ ಜೀವಕ್ಕೆ ಗ್ಯಾರಂಟಿ ಇರಲಿಲ್ಲ. ಕೊನೆಗೆ 2000ದಲ್ಲಿ ಇಡೀ ಜಗತ್ತನ್ನು ಎರಡು ಪ್ರತಿ ಮಾಡಿದರು. ಫೆಲುಕ್ಕಾದಲ್ಲಿ ಕೊಲ್ಲಬಹುದು, ಟ್ರಾಮೆಲ್‌ನಲ್ಲಿ ಕೊಲ್ಲುವ ಹಾಗಿಲ್ಲ. ಅಣ್ಣ ತಮ್ಮಂದಿರು ಜಗಳ ಆಡಿ ತೋಟ ಪಾಲು ಮಾಡಿ ನಡುವೆ ಬೇಲಿ ಹಾಕಿದ ಹಾಗೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನವರು ಬೇರೆ ದಾರಿ ಹಿಡಿದರು. 2007ರ ಬರ್ನಿಂಗ್ ಕ್ರುಸೇಡ್ ಕಾಲದಲ್ಲಿ ರೆಸಿಲಿಯೆನ್ಸ್ ಅಂತ ಒಂದು ಗುಣ ಸೇರಿಸಿದರು. ಆಟಗಾರರ ಪೆಟ್ಟಿನಿಂದ ಉಳಿಯಲು ಒಂದು ಜೊತೆ ಬಟ್ಟೆ, ರಾಕ್ಷಸರ ಜೊತೆ ಕಾದಲು ಇನ್ನೊಂದು ಜೊತೆ. ಕೆಲಸಕ್ಕೆ ಹೋಗುವವನಿಗೆ ಒಂದು ಜೊತೆ ಮಾಡುವಷ್ಟೇ ಪುರುಸೊತ್ತು ಇರುವುದು, ಎರಡು ಎಲ್ಲಿಂದ ಮಾಡುವುದು?

ಗಿಲ್ಡ್ ವಾರ್ಸ್ 2ರಲ್ಲಿ ಬೇಲಿ ಇದೆ, ಆದರೆ ಅದನ್ನು ಹಾಕಿದ ಜಾಗ ನನಗೆ ಇಷ್ಟವಾಯಿತು. ತೆರೆದ ಜಗತ್ತಿನಲ್ಲಿ ಇನ್ನೊಬ್ಬ ಆಟಗಾರನಿಗೆ ಹೊಡೆಯಲು ಆಗುವುದೇ ಇಲ್ಲ. ಅಷ್ಟು ಮಾತ್ರ ಆಗಿದ್ದರೆ ಅದರಲ್ಲೇನೂ ದೊಡ್ಡ ಸಂಗತಿ ಇಲ್ಲ. ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಕ್ಕದವನು ಬಂದರೆ ನಿಮಗೆ ನಷ್ಟ ಆಗುವ ಎಲ್ಲ ದಾರಿಯನ್ನೂ ಮುಚ್ಚಿದ್ದಾರೆ. ನೀವು ಕಡಿದ ಮರವನ್ನೇ ನಾನೂ ಕಡಿಯಬಹುದು, ಇಬ್ಬರಿಗೂ ಪೂರ್ತಿ ಕಟ್ಟಿಗೆ. ರಾಕ್ಷಸನಿಗೆ ನೀವು ಮೊದಲು ಹೊಡೆದರೂ ನನ್ನ ಪಾಲು ನನಗೆ ಬೇರೆಯೇ ಬರುತ್ತದೆ. ಬಿದ್ದವನನ್ನು ಎಬ್ಬಿಸಿದರೆ ಎಬ್ಬಿಸಿದವನಿಗೆ ಅನುಭವದ ಅಂಕ. ಲೆವೆಲ್ 80, ಅಂದರೆ ಕೊನೆಯ ಮಟ್ಟ, ಮುಟ್ಟಿದವನು ಹೊಸಬರ ಊರಿಗೆ ಬಂದರೆ ಅವನ ಶಕ್ತಿ ಆ ಊರಿನ ಮಟ್ಟಕ್ಕೆ ಇಳಿಯುತ್ತದೆ. ಹಾಗಾಗಿ ದೂರದಿಂದ ಯಾರೋ ಬರುತ್ತಿರುವುದು ಕಂಡರೆ ಮನಸ್ಸಿಗೆ ಖುಷಿಯಾಗುತ್ತದೆ. ಬೇರೆ ಆಟಗಳಲ್ಲಿ ಅದೇ ದೃಶ್ಯಕ್ಕೆ ಎದೆ ಧಸಕ್ಕೆನ್ನುತ್ತದೆ.

ಟೆಕ್ವಾಟಲ್ ಅಂತ ಒಂದು ಡ್ರಾಗನ್ ಇದೆ. ದಿನಕ್ಕೆ ಕೆಲವು ಸಲ ನಿಗದಿತ ಸಮಯಕ್ಕೆ ಬರುತ್ತದೆ, ಅದರಲ್ಲಿ ಒಂದು ನಮ್ಮ ರಾತ್ರಿ ಒಂಬತ್ತೂವರೆಗೆ. ಊಟ ಆಗಿರುತ್ತದೆ, ಸಮಯ ಹೇಳಿ ಮಾಡಿಸಿದ ಹಾಗಿದೆ. ಹದಿನೈದು ನಿಮಿಷದೊಳಗೆ ಕೆಡವಬೇಕು. ಕೆಲವರು ಫಿರಂಗಿಯಲ್ಲಿ ಕೂತು ಅದರ ಚಿಪ್ಪಿನ ಗಟ್ಟಿತನ ಕಡಿಮೆ ಮಾಡಬೇಕು, ಉಳಿದವರು ಕಾಲ ಬುಡದಲ್ಲಿ ನಿಂತು ಹೊಡೆಯಬೇಕು, ನಡುನಡುವೆ ಅರ್ಧ ಜನ ಓಡಿ ಹೋಗಿ ದೊಡ್ಡ ಲೇಸರಿನ ಬ್ಯಾಟರಿ ಕಾಯಬೇಕು. ಮೊದಲ ದಿನ ಭಾವ ಅಲೆ ಬರುವಾಗ ಹಾರಬೇಕು ಅಂತ ಗೊತ್ತಿಲ್ಲದೆ ಮೂರು ಸಲ ಮಗುಚಿ ಬಿದ್ದರು. ಮೂರು ಸಲವೂ ಯಾರೋ ಗುರುತಿಲ್ಲದವರು ಹೊಡೆಯುವುದು ಬಿಟ್ಟು ಬಗ್ಗಿ ಎಬ್ಬಿಸಿದರು. ಆಮೇಲೆ ಭಾವ ಫಿರಂಗಿ ಹಿಡಿದರು. ಈಗ ಅವರಿಗೆ ಆ ಫಿರಂಗಿ ಬಿಟ್ಟು ಬೇರೆ ಜಾಗ ಆಗುವುದಿಲ್ಲ. ಯಾರಾದರೂ ಮೊದಲೇ ಹತ್ತಿ ಕೂತಿದ್ದರೆ ಬಸ್ಸಿನಲ್ಲಿ ಕಿಟಕಿ ಸೀಟು ಹೋದವರ ಹಾಗೆ ಮುಖ ಮಾಡುತ್ತಾರೆ.

ಈಗ ಉಪ್ಪಳದವನ ಕಥೆ. ಪಿವಿಪಿ, ಅಂದರೆ ಆಟಗಾರರೇ ಪರಸ್ಪರ ಹೊಡೆದಾಡುವ ಅಂಗಳಕ್ಕೆ ಕಾಲಿಟ್ಟ ಕ್ಷಣಕ್ಕೆ ಎಲ್ಲರೂ ಲೆವೆಲ್ 80, ಎಲ್ಲರಿಗೂ ಸಮಾನ ಶಕ್ತಿ. ಹೊರಗೆ ನೀವು ಎಷ್ಟು ತಿಂಗಳು ಗ್ರೈಂಡ್ ಮಾಡಿ ಏನು ಸಂಪಾದಿಸಿದ್ದರೂ ಒಳಗೆ ಅದು ನಡೆಯುವುದಿಲ್ಲ. ಒಂದು ತಾಯತ ಆರಿಸಿಕೊಂಡರೆ ಅದೇ ನಿಮ್ಮ ಬಲ. ನಿನ್ನೆ ಬಂದವನೂ ಹತ್ತು ವರ್ಷ ಆಡಿದವನೂ ಒಂದೇ ತೂಕದ ಕತ್ತಿ ಹಿಡಿದಿರುತ್ತಾರೆ, ವ್ಯತ್ಯಾಸ ಕೈಯಲ್ಲಿ ಮಾತ್ರ. ಕಂಬಳದಲ್ಲಿ ನೇಗಿಲು ಕಿರಿಯ, ಹಗ್ಗ ಹಿರಿಯ ಅಂತ ವಿಭಾಗ ಮಾಡುತ್ತಾರಲ್ಲ, ಎಳೆಯ ಕೋಣವನ್ನು ಪಳಗಿದ್ದರ ಎದುರು ಓಡಿಸಿದರೆ ನೋಡುವುದಕ್ಕೆ ಏನಿದೆ?

ಆಟ ಐದು ಜನರ ಎದುರು ಐದು ಜನ. ಮೂರು ಜಾಗ ಹಿಡಿಯಬೇಕು, ಮೊದಲು 500 ಅಂಕ ಮುಟ್ಟಿದವರು ಗೆದ್ದರು. ನನಗೆ ಇಷ್ಟವಾದ ನಕ್ಷೆ ಫಾರೆಸ್ಟ್ ಆಫ್ ನಿಫಲ್‌ಹೆಲ್. ಅಲ್ಲಿ ಎರಡು ಮೂಲೆಯಲ್ಲಿ ಎರಡು ದೈತ್ಯರು ನಿಂತಿರುತ್ತಾರೆ, ಕಂಪ್ಯೂಟರ್ ಆಡಿಸುವ ದೈತ್ಯರು. ಒಬ್ಬ ಎದುರಾಳಿಯನ್ನು ಕೊಂದರೆ 5 ಅಂಕ, ಆ ದೈತ್ಯನನ್ನು ಕೊಂದರೆ 25. ಕೊನೆಯ ಪೆಟ್ಟು ಯಾರದ್ದೋ ಅಂಕ ಅವರಿಗೆ. ಒಂದು ಶನಿವಾರ ನಾವು 470, ಅವರು 465. ಉಪ್ಪಳದವನು ನಡು ಅಂಗಳದಲ್ಲಿ ಇಬ್ಬರ ಜೊತೆ ಒಬ್ಬನೇ ಗುದ್ದಾಡುತ್ತಾ ಬೈಗುಳದ ಮಳೆ ಸುರಿಸುತ್ತಿದ್ದ. ನಾನೂ ಚಿಕ್ಕಪ್ಪನ ಮಗನೂ ದೈತ್ಯನಿಗೆ ಹೊಡೆಯುತ್ತಿದ್ದೆವು. ದೈತ್ಯನ ಪ್ರಾಣ ಒಂದು ಎಳೆಯಷ್ಟು ಉಳಿದಾಗ ಎಲ್ಲಿಂದಲೋ ಅವರ ಕಳ್ಳ (ಥೀಫ್ ಅನ್ನುವ ಪಾತ್ರದವನು) ಕಾಣಿಸಿಕೊಂಡು ಒಂದೇ ಪೆಟ್ಟು ಹಾಕಿದ. 25 ಅಂಕ ಅವರಿಗೆ. ಸ್ವಲ್ಪ ಹೊತ್ತಿನಲ್ಲಿ ಮ್ಯಾಚೂ ಅವರಿಗೆ. ಅಮ್ಮ ಒಳಗಿಂದ "ಎಂತಾಯ್ತು, ಯಾರು ಸತ್ತರು?" ಅಂತ ಕೇಳುವಷ್ಟು ಕಿರುಚಿದ್ದೆ.

ನೋಡಿ, ರಾಕ್ಷಸರ ಜೊತೆಗಿನ ಕಾಳಗವನ್ನು ಆಟಗಾರರ ಜಗಳದೊಳಗೆ ತರುವುದಿದ್ದರೆ ಹೀಗೆ ತರಬೇಕು. ಹೊಡೆದಾಟಕ್ಕೆ ಒಂದು ಕಾರಣ ಸಿಗುತ್ತದೆ, ಸುಮ್ನೆ ಮುಖಕ್ಕೆ ಮುಖ ಕೊಟ್ಟು ಗುದ್ದುವುದಲ್ಲ.

ಆದರೆ ಈ ವ್ಯವಸ್ಥೆಗೆ ಬೆಲೆಯೂ ಇದೆ. ಒಂದೇ ವಿದ್ಯೆ ಹೊರಗೆ ಒಂದು ಥರ, ಪಿವಿಪಿಯಲ್ಲಿ ಇನ್ನೊಂದು ಥರ. 2020ರ ಫೆಬ್ರವರಿಯಲ್ಲಿ ಸ್ಪರ್ಧೆ ನಡೆಯುವ ಕಡೆ ಪೆಟ್ಟುಗಳ ಬಲವನ್ನೆಲ್ಲ ಒಟ್ಟಿಗೆ ಇಳಿಸಿದರು. ಎದುರಾಳಿಯನ್ನು ಕೆಡಹುವ ಎಷ್ಟೋ ವಿದ್ಯೆಗಳು ಅಲ್ಲಿ ಕೆಡಹುತ್ತವೆ ಅಷ್ಟೇ, ನೋವಾಗುವುದಿಲ್ಲ. ಹಾಗೆ ಮಾಡಿದ್ದು ಸರಿಯೇ. ಡ್ರಾಗನ್‌ಗೆ ಹತ್ತು ಸಾವಿರ ಪೆಟ್ಟು ಕೊಡಲು ಬೇಕಾದ ವಿದ್ಯೆಯನ್ನು ಹಾಗೆಯೇ ಮನುಷ್ಯನ ಮೇಲೆ ಬಿಟ್ಟರೆ ಅವನು ಕಣ್ಣು ಮಿಟುಕಿಸುವುದರೊಳಗೆ ಸಾಯುತ್ತಾನೆ. ಮನುಷ್ಯನಿಗಾಗಿ ಅದನ್ನು ಎಲ್ಲ ಕಡೆ ಇಳಿಸಿದರೆ ಭಾವನ ಫಿರಂಗಿ ಪಟಾಕಿಯಾಗುತ್ತದೆ. ಬೇರೆ ಬೇರೆ ಮಾಡದೆ ಉಪಾಯ ಇಲ್ಲ. ಆದರೂ ಹೊರಗೆ ರೂಢಿಯಾದ ಕೈ ಒಳಗೆ ಬಂದು ತಪ್ಪುತ್ತದೆ. ಒಂದೇ ಆಟವನ್ನು ಎರಡು ಸಲ ಕಲಿತ ಹಾಗೆ. ಇನ್ನೊಂದು ಬೇಸರ, ರ‍್ಯಾಂಕ್ ಮ್ಯಾಚಿಗೆ ಒಬ್ಬರೇ ಹೋಗಬೇಕು, ಇಲ್ಲ ಇಬ್ಬರು. ಐದು ಜನ ಒಟ್ಟಿಗೆ ಹೋಗಬೇಕಿದ್ದರೆ ರ‍್ಯಾಂಕ್ ಇಲ್ಲದ ಮ್ಯಾಚ್, ಇಲ್ಲವೇ ಅವರು ಹೇಳಿದ ಹೊತ್ತಿಗೆ ನಡೆಯುವ ಟೂರ್ನಮೆಂಟ್. ಐದು ಜನ ಗಟ್ಟಿ ಗೆಳೆಯರು ಸೇರಿ ಬಿಡಿ ಬಿಡಿಯಾಗಿ ಬಂದವರನ್ನು ಅರೆಯಬಾರದು ಅಂತ ಇರಬೇಕು. ನಮ್ಮ ಐದು ಜನರನ್ನು ಕಂಡು ಯಾರೂ ಹೆದರುವ ಹಾಗಿಲ್ಲ, ಅದು ಬೇರೆ ಮಾತು.

ಎರಡರ ನಡುವೆ ಇರುವುದು ವರ್ಲ್ಡ್ ವರ್ಸಸ್ ವರ್ಲ್ಡ್. ಮೂರು ತಂಡ, ನಾಲ್ಕು ನಕ್ಷೆ, ಇಡೀ ವಾರ ಹಗಲೂ ರಾತ್ರಿ ಕೋಟೆ ಹಿಡಿಯುವುದು. ಎರಡರ ಬದಲು ಮೂರು ತಂಡ ಇಟ್ಟದ್ದು ಜಾಣತನ. ಒಬ್ಬ ಜೋರಾದರೆ ಉಳಿದ ಇಬ್ಬರು ಮಾತಿಲ್ಲದೆ ಒಂದಾಗುತ್ತಾರೆ, ಪಂಚಾಯತ್ ಇಲೆಕ್ಷನ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲಿ ನಿಮ್ಮ ಸ್ವಂತ ಕವಚ, ಸ್ವಂತ ಕತ್ತಿ, ತಿಂದ ಊಟ ಎಲ್ಲ ಲೆಕ್ಕಕ್ಕೆ ಬರುತ್ತದೆ. ಅಂಗಳದ ಸಮಾನತೆ ಇಲ್ಲಿಲ್ಲ. ಜನರ ಲೆಕ್ಕವೂ ಸರಿ ಇರುವುದಿಲ್ಲ. ನಾವು ಯೂರೋಪ್ ಸರ್ವರಿನಲ್ಲಿ ಇದ್ದೇವೆ. ಬೇಸಿಗೆಯಲ್ಲಿ ಒಂದು ದಿನ ಬೆಳಿಗ್ಗೆ ಆರಕ್ಕೆ ತೋಟದ ಪಂಪ್ ಹಾಕಲು ಎದ್ದವನು ಸುಮ್ನೆ ಒಳಗೆ ಹೋಗಿ ನೋಡಿದೆ. ಅಲ್ಲಿ ನಡುರಾತ್ರಿ. ಒಬ್ಬನೇ ಎರಡು ಸಪ್ಲೈ ಕ್ಯಾಂಪ್ ಹಿಡಿದೆ, ಕಾವಲು ಬೊಂಬೆಗಳನ್ನು ಬಿಟ್ಟರೆ ನರಪಿಳ್ಳೆ ಇಲ್ಲ. ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಮನೆಯವರು ಮದುವೆಗೆ ಹೋದಾಗ ಹಲಸಿನಹಣ್ಣು ಕೊಯ್ದ ಹಾಗೆ. 2024ರಲ್ಲಿ ಹಳೆಯ ಸರ್ವರ್‌ಗಳನ್ನು ಒಡೆದು ಗಿಲ್ಡ್‌ಗಳ (ಆಟಗಾರರ ಸಂಘಗಳ) ಮೇಲೆ ತಂಡ ಕಟ್ಟುವ ಪದ್ಧತಿ ತಂದರು, ಆದರೆ ಸೂರ್ಯ ಮುಳುಗುವ ಹೊತ್ತನ್ನು ಯಾವ ಪ್ಯಾಚೂ ಸರಿ ಮಾಡುವುದಿಲ್ಲ ಅಲ್ವಾ.

ಭಾವ ಗೊಣಗಿದ್ದೂ ಇದೇ ಜಾಗದಲ್ಲಿ. ಹಳೆಯ ಲೆಜೆಂಡರಿ ಆಯುಧ ಮಾಡಲು ಗಿಫ್ಟ್ ಆಫ್ ಬ್ಯಾಟಲ್ ಅಂತ ಒಂದು ವಸ್ತು ಬೇಕು, ಅದು ಸಿಗುವುದು ಈ ಕೋಟೆ ಯುದ್ಧದಲ್ಲಿ ಮಾತ್ರ. ಮೀನು ಹಿಡಿಯುವವರನ್ನು ಬಲವಂತವಾಗಿ ರಣರಂಗಕ್ಕೆ ಎಳೆದ ಹಾಗಾಯಿತು. ಅವರು ಅಲ್ಲಿ ಯಾರಿಗೂ ಹೊಡೆಯದೆ, ಗುಂಪಿನ ಬಾಲದಲ್ಲಿ ಓಡುತ್ತಾ, ಬಿದ್ದವರನ್ನು ಎಬ್ಬಿಸುತ್ತಾ ಅದನ್ನು ಸಂಪಾದಿಸಿದರು. ಆಟ ಉಳಿದೆಲ್ಲ ಕಡೆ ಆಸೆ ತೋರಿಸಿ ಕರೆಯುತ್ತದೆ, ಲೆಜೆಂಡರಿ ಕವಚವನ್ನೂ ರೇಡ್ (ಗುಂಪು ಕಟ್ಟಿ ದೊಡ್ಡ ರಾಕ್ಷಸರನ್ನು ಕೆಡಹುವುದು), ಪಿವಿಪಿ, ಕೋಟೆ ಯುದ್ಧ ಮೂರರಲ್ಲಿ ಯಾವ ದಾರಿಯಿಂದ ಬೇಕಾದರೂ ಮಾಡಬಹುದು. ಇದೊಂದರಲ್ಲಿ ಮಾತ್ರ ಯಾಕೆ ಕಿವಿ ಹಿಡಿದು ಎಳೆಯುತ್ತಾರೋ.

ಕೆಲಸ, ತೋಟ, ಮಳೆ ಇರುವವರಿಗೆ ದೊಡ್ಡ ಸಮಾಧಾನ ಅಂದರೆ ಗೇರ್ (ಕವಚ, ಕತ್ತಿ ಎಲ್ಲ) ಹಳತಾಗುವುದಿಲ್ಲ. ಲೆವೆಲ್ 80ರ ಮಿತಿ ಮೊದಲಿಂದಲೂ ಬದಲಾಗಿಲ್ಲ. 2012ರ ನವೆಂಬರ್‌ನಲ್ಲಿ ಬಂದ ಅಸೆಂಡೆಡ್ ದರ್ಜೆಯ ಬಲವನ್ನು ಇವತ್ತಿಗೂ ಯಾವುದೂ ಮೀರಿಲ್ಲ, ಲೆಜೆಂಡರಿಯೂ ಬಲದಲ್ಲಿ ಅದಕ್ಕೆ ಸಮ. ಅಡಿಕೆ ಕೊಯ್ಲಿನ ಸಮಯ ಎರಡು ತಿಂಗಳು ಮುಟ್ಟದೆ ಬಂದರೂ ಬಿಟ್ಟಲ್ಲಿಂದ ಶುರು ಮಾಡಬಹುದು.

ಪಿಂಗ್, ಅಂದರೆ ಸರ್ವರಿಗೆ ಹೋಗಿ ಬರಲು ಹಿಡಿಯುವ ಸಮಯದ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಾವು ಆಡಬಹುದಾದ ಸರ್ವರ್ ಇರುವುದು ಯೂರೋಪಿನಲ್ಲಿ ಮತ್ತು ಉತ್ತರ ಅಮೆರಿಕದಲ್ಲಿ. ನಮ್ಮ ಮನೆಯಿಂದ ಯೂರೋಪಿಗೆ ನನಗೆ 170ರಿಂದ 190 ಮಿಲಿಸೆಕೆಂಡ್ ತೋರಿಸುತ್ತದೆ. ಡ್ರಾಗನ್ ಹೊಡೆಯಲು ಇದು ಏನೇನೂ ತೊಂದರೆ ಇಲ್ಲ. ಪಿವಿಪಿಯಲ್ಲಿ ಪೆಟ್ಟು ತಪ್ಪಿಸಲು ಉರುಳುವ ಹೊತ್ತಿಗೆ ಪೆಟ್ಟು ಬಿದ್ದು ಆಗಿರುತ್ತದೆ, ಕಣ್ಣಿಗೆ ಕಾಣುವ ಮೊದಲೇ ಊಹಿಸಿ ಉರುಳಬೇಕು. ಉಪ್ಪಳದವನು ಸೋತಾಗೆಲ್ಲ ಪಿಂಗ್ ಅನ್ನುತ್ತಾನೆ. ಗೆದ್ದಾಗ ಅನ್ನುವುದಿಲ್ಲ.

ದುಡ್ಡಿನ ಲೆಕ್ಕ ಸುಲಭ. ಮೂಲ ಆಟ 2015ರಿಂದ ಉಚಿತ, ಚಾಟ್ ಮತ್ತು ವ್ಯಾಪಾರಕ್ಕೆ ಕೆಲವು ಕಟ್ಟುಪಾಡು ಇದೆ. ವಿಸ್ತರಣೆಗಳನ್ನು ಒಂದು ಸಲ ಕೊಂಡರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಮೊದಲು ಉಚಿತವಾಗಿ 80 ಮುಟ್ಟಿ, ಮತ್ತೆ ಯೋಚನೆ ಮಾಡಿ. ಬರೀ ಹೊಡೆದಾಟಕ್ಕಾಗಿಯೇ ಬರುವುದಿದ್ದರೆ ಇದು ನಿಮಗಲ್ಲ, ಪಿವಿಪಿಗೆ ಹೊಸ ನಕ್ಷೆ ಬರುವುದು ಕಾದು ಕಾದು ಕಣ್ಣು ನೋವಾದ ಮೇಲೆ. ಗೆಳೆಯರಲ್ಲಿ ಇಬ್ಬರು ಜಗಳಗಂಟರು, ಮೂವರು ಸಾಧುಗಳು ಇದ್ದರೆ ಧೈರ್ಯವಾಗಿ ಬನ್ನಿ.

ಖಾತೆ ಮಾಡುವಾಗ ಯೂರೋಪ್ ಸರ್ವರ್ ಆರಿಸಿ. ಒಂಬತ್ತೂವರೆಗೆ ಟೆಕ್ವಾಟಲ್ ಹತ್ತಿರ ಇರುತ್ತೇವೆ, ಕರೆಂಟು ಇದ್ದರೆ. ಉತ್ತರ ದಿಕ್ಕಿನ ಫಿರಂಗಿಗೆ ಮಾತ್ರ ಹತ್ತಬೇಡಿ, ಅದು ಭಾವನದ್ದು.